ಕಡತ ಹಿಡಿದ ಕೈ

ಕೊಯ್ಲು ಮುಗಿದು, ಒಕ್ಕಣೆಯಾಗಿ, ಕಣದ ನಡುವೆ ರಾಶಿ ನಿಲ್ಲುತ್ತಿತ್ತು. ಪೂಜೆಯಾಗುವ ತನಕ ಅದರಿಂದ ಒಂದು ಕಾಳನ್ನೂ ಯಾರೂ ಮನೆಗೆ ಒಯ್ಯುವಂತಿರಲಿಲ್ಲ. ಪೂಜೆಯಾದ ಮೇಲೂ ಬೆಳೆದವನ ಸರದಿ ಬರುವುದು ತಡವಾಗಿಯೇ. ಮೊದಲು ದೇವರ ಪಾಲು. ಆಮೇಲೆ ಗೌಡ, ಶಾನುಭೋಗ, ತಳವಾರ, ತೋಟಿ, ನೀರುಗಂಟಿ. ಅವರ ಜೊತೆಗೆ ಜೋಯಿಸ, ಕಮ್ಮಾರ, ಬಡಗಿ, ಕುಂಬಾರ, ಅಗಸ, ಕ್ಷೌರಿಕ, ಅಕ್ಕಸಾಲಿಗ. ಮೈಸೂರು ಸೀಮೆಯಲ್ಲಿ ಈ ಹನ್ನೆರಡು ಮಂದಿ ಆಯಗಾರರು. ಉತ್ತರದ ಕಡೆ ಇಂಥವರೇ ಬಾರಾ ಬಲೂತಿ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮದರಾಸಿನಿಂದ ಹೊರಟು ಮೈಸೂರು ನಾಡನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಹಂಚಿಕೆಯನ್ನು ಅಳತೆಯ ಸಮೇತ ಬರೆದಿಟ್ಟಿದ್ದಾನೆ. ಓದುತ್ತ ಹೋದಂತೆ ರಾಶಿ ಕಣ್ಣೆದುರೇ ಕರಗುತ್ತದೆ.

ಆ ಕಾಲದಲ್ಲಿ ಕೆಲಸ ಹುಡುಕುವ ಮಾತಿರಲಿಲ್ಲ. ಕೆಲಸ ಹುಟ್ಟಿನಿಂದ ಬರುತ್ತಿತ್ತು, ಕೂಲಿ ಮಳೆಯಿಂದ. ಮಳೆ ಕೈಕೊಟ್ಟ ವರ್ಷ ರಾಶಿ ಸಣ್ಣದು, ಕಮ್ಮಾರನ ಪಾಲೂ ಸಣ್ಣದು. ಅಷ್ಟಕ್ಕೆ ಅವನು ಕುಲುಮೆ ಆರಿಸಿ ಬೇರೆ ಊರಿಗೆ ಹೊರಡುವುದು ಅಪರೂಪ. ಇದನ್ನು ನೆಮ್ಮದಿಯ ಸ್ವರ್ಗವೆಂದು ಕೊಂಡಾಡಿದವರಿದ್ದಾರೆ. ಅವರಲ್ಲಿ ತೋಟಿಯ ಮಗನೊಬ್ಬನೂ ನನಗೆ ಕಂಡಿಲ್ಲ.

ಹನ್ನೆರಡು ಮಂದಿಯಲ್ಲಿ ಒಬ್ಬನ ವಿದ್ಯೆ ಮಾತ್ರ ಉಳಿದವರ ಕಣ್ಣಿಗೆ ಬೀಳುತ್ತಿರಲಿಲ್ಲ. ಕುಂಬಾರನ ಮಡಕೆಯನ್ನು ತಟ್ಟಿ ನೋಡಬಹುದು, ಬಡಗಿಯ ನೇಗಿಲನ್ನು ಹೂಡಿ ನೋಡಬಹುದು. ಶಾನುಭೋಗ ಬರೆದುದನ್ನು ಓದುವವರು ಯಾರು? ಅವನ ಆಯುಧ ಕಡತ. ಮೈಸೂರಿನ ರೆಸಿಡೆಂಟನಾಗಿದ್ದ ಕರ್ನಲ್ ಮಾರ್ಕ್ ವಿಲ್ಕ್ಸ್ 1810ರಲ್ಲಿ ಹೊರತಂದ ಇತಿಹಾಸದ ಮೊದಲ ಸಂಪುಟದಲ್ಲಿ ಅದನ್ನು ಆಸ್ಥೆಯಿಂದ ಬಣ್ಣಿಸಿದ್ದಾನೆ: ಎಂಟು ಅಂಗುಲದಿಂದ ಒಂದು ಅಡಿ ಅಗಲ, ಹನ್ನೆರಡರಿಂದ ಹದಿನೆಂಟು ಅಡಿ ಉದ್ದದ ಹತ್ತಿಬಟ್ಟೆ, ಅದರ ಎರಡೂ ಮೈಗೆ ಅಂಟಿನಲ್ಲಿ ಕಲಸಿದ ಇದ್ದಿಲ ಪುಡಿಯ ಲೇಪ, ಒಣಗಿದ ಮೇಲೆ ಕತ್ತರಿಸದೆ ಮಡಿಕೆ ಮಡಿಕೆಯಾಗಿ ಮಡಿಸಿ, ಎರಡು ಕೊನೆಗೂ ಬಣ್ಣದ ಮರದ ಹಲಗೆ. ಬರೆಯುವುದು ಬಳಪದಲ್ಲಿ. ಕಪ್ಪು ಬಟ್ಟೆಯ ಮೇಲೆ ಬಿಳಿ ಅಕ್ಷರ. ಶೃಂಗೇರಿ ಮಠದಲ್ಲಿ ಇಂಥ ಕಡತಗಳು ಇಂದಿಗೂ ಇವೆ.

ಬರೆದುದು ವರ್ಷಗಟ್ಟಲೆ ಉಳಿಯುತ್ತದೆ. ಬೇಕೆಂದರೆ ಒರೆಸಿ ಮತ್ತೆ ಬರೆಯಲೂ ಬರುತ್ತದೆ. ಶಾನುಭೋಗಿಕೆಯ ಶಕ್ತಿಯೂ ಅಪಕೀರ್ತಿಯೂ ಈ ಎರಡು ಗುಣಗಳ ನಡುವೆ ಇದ್ದವು. ಯಾವ ಹೊಲ ಯಾರದು, ಯಾವ ಕುಳದ ಕಂದಾಯ ಬಾಕಿ, ಯಾವ ಕೆರೆಯ ನೀರು ಯಾವ ಗದ್ದೆಗೆ, ಇವೆಲ್ಲ ಅವನ ಮಡಿಕೆಗಳಲ್ಲಿ. ಅಲ್ಲಿ ಇಲ್ಲದ್ದು ಅವನ ನೆನಪಿನಲ್ಲಿ. ರಾಜರು ಬದಲಾದರು, ಅಮಲ್ದಾರರು ಬದಲಾದರು. 1831ರಲ್ಲಿ ಆಡಳಿತವೇ ಮಹಾರಾಜರ ಕೈತಪ್ಪಿ ಬ್ರಿಟಿಷ್ ಕಮಿಷನರರ ಕೈಗೆ ಹೋಯಿತು. ಬಂದವರೆಲ್ಲರೂ ಕೊನೆಗೆ ಶಾನುಭೋಗನ ಜಗಲಿಗೇ ಬಂದು ಲೆಕ್ಕ ಕೇಳಬೇಕಾಯಿತು. ಅವನ ಮಗನಿಗೆ ಪಾಠಶಾಲೆಯೂ ಅದೇ ಜಗಲಿ. ಅಪ್ಪನ ಪಕ್ಕದಲ್ಲಿ ಕುಳಿತು ಅಕ್ಷರ, ಕೊಳಗ, ಖಂಡುಗ, ಬಾಕಿ, ವಜಾ ಕಲಿಯುವುದು; ಯಾರ ಮನೆಗೆ ಯಾವ ಹೊತ್ತಿನಲ್ಲಿ ಹೋಗಬೇಕೆಂಬುದನ್ನು ಕಲಿಯುವುದು. ಅದು ಯಾವ ಪರೀಕ್ಷೆಯಲ್ಲೂ ಕೇಳದ ಪಾಠ.

ಈ ವಿದ್ಯೆಗೆ ಮೊದಲ ಪೆಟ್ಟು ಬಿದ್ದದ್ದು ಸರಪಳಿಯಿಂದ. ಹಿಂದೆ ಗದ್ದೆಯನ್ನು ಅದು ಹಿಡಿಯುವ ಬೀಜದಿಂದ ಅಳೆಯುತ್ತಿದ್ದರು. ಖಂಡುಗದ ಗದ್ದೆ ಎಂದರೆ ಒಂದು ಖಂಡುಗ ಬಿತ್ತನೆ ಹಿಡಿಯುವ ಗದ್ದೆ. ಮಣ್ಣು ಬೇರೆಯಾದರೆ ಖಂಡುಗವೂ ಹಿಗ್ಗುತ್ತಿತ್ತು, ಕುಗ್ಗುತ್ತಿತ್ತು. ಎಷ್ಟು ಹಿಗ್ಗಿತೆಂದು ಹೇಳಬಲ್ಲವನು ಶಾನುಭೋಗ. 1863ರಲ್ಲಿ ಮುಂಬಯಿ ಪದ್ಧತಿಯ ಮೇಲೆ ಮೈಸೂರಿನ ಸರ್ವೆ ಇಲಾಖೆ ಹುಟ್ಟಿತು. 33 ಅಡಿ ಸರಪಳಿ, ಅದರಲ್ಲಿ ಹದಿನಾರು ಆಣೆ. ಸರಪಳಿ ಉದ್ದ, ಸರಪಳಿ ಅಗಲ ಒಂದು ಗುಂಟೆ. ನಲವತ್ತು ಗುಂಟೆಗೆ ಎಕರೆ. ಹೊಲಕ್ಕೆ ನಂಬರು ಬಂತು, ಮೂಲೆಗೆ ಕಲ್ಲು ಬಂತು, ನಕ್ಷೆ ಬಂತು. ಬಟ್ಟೆಯ ಜಾಗಕ್ಕೆ ಕಾಗದ ಬಂತು, ಬಳಪದ ಜಾಗಕ್ಕೆ ಮಸಿ. ಮಸಿಯನ್ನು ಒರೆಸುವುದು ಕಷ್ಟ. ಆದರೂ ಶಾನುಭೋಗ ಸೋಲಲಿಲ್ಲ. ಹೊಸ ನಮೂನೆಗಳನ್ನು ಕಲಿತು, ಅವನ್ನೂ ತನ್ನ ಮನೆಯ ಪೆಟ್ಟಿಗೆಯಲ್ಲೇ ಇಟ್ಟುಕೊಂಡ. ಕಣದ ಪಾಲಿನ ಜೊತೆಗೆ ಪೋಟಗಿ ಎಂಬ ಸರ್ಕಾರದ ಭತ್ಯೆಯೂ ಬರತೊಡಗಿತು. ವಂಶದ ಹಕ್ಕಿಗೆ 1908ರ ಕಾಯಿದೆ ಬರವಣಿಗೆಯ ರೂಪವನ್ನೂ ಕೊಟ್ಟಿತು.

ಆ ಹಕ್ಕನ್ನು ಕಿತ್ತುಕೊಂಡದ್ದೂ ಕಾಯಿದೆಯೇ. ಮುಂಬಯಿ ಪ್ರಾಂತದಲ್ಲಿದ್ದ ಧಾರವಾಡ, ಬಿಜಾಪುರದ ಕುಲಕರ್ಣಿ ವತನ, ಅಂದರೆ ಅಲ್ಲಿನ ಶಾನುಭೋಗಿಕೆ, 1950ರ ಕಾನೂನಿನಿಂದ ಹೋಯಿತು. ಮೈಸೂರು ಗ್ರಾಮಾಧಿಕಾರಗಳ ರದ್ದಿಯಾತಿ ಕಾಯಿದೆ 1961ರದು; ಜಾರಿಗೆ ಬಂದದ್ದು 1963ರ ಫೆಬ್ರವರಿ 1ರಂದು. ಅಂದು ಬೆಳಗಾಗುವಷ್ಟರಲ್ಲಿ ಪಟೇಲಿಕೆ, ಶಾನುಭೋಗಿಕೆ, ತಳವಾರಿಕೆ, ತೋಟಿತನ ಎಲ್ಲವೂ ಒಟ್ಟಿಗೆ ಮುಗಿದಿದ್ದವು. ಜಗಲಿಯ ಮೇಲಿನ ಮನೆಗಳಲ್ಲಿ ಅದು ಸೂತಕದಂಥ ದಿನ. ಊರಾಚೆಯ ಕೇರಿಗಳಲ್ಲಿ ಲೆಕ್ಕ ಬೇರೆ. ದಫ್ತರು ಹೊರುವುದು, ಸತ್ತ ದನ ಎಳೆಯುವುದು, ಸಾಹೇಬರು ಬಂದರೆ ನಡುರಾತ್ರಿಯಲ್ಲೂ ಓಡುವುದು ತೋಟಿಯ ಪಾಲಿನ ಹುಟ್ಟುಚಾಕರಿ. ಕಾನೂನಿನ ಪುಸ್ತಕದಲ್ಲಾದರೂ ಆ ನೊಗ ಕಳಚಿತು; ಚಾಕರಿಗೆ ಅಂಟಿದ್ದ ಇನಾಂ ಜಮೀನು ಮರುಮಂಜೂರಾಗುವ ದಾರಿ ತೆರೆಯಿತು. ಆ ಜಮೀನು ಎಷ್ಟು ಜನರ ಕೈಯಲ್ಲಿ ನಿಂತಿತೆಂಬುದು ಕಚೇರಿ ಕಟ್ಟೆಗಳ ಮೇಲೆ ಕುಳಿತವರಿಗೆ ಗೊತ್ತು.

ಶಾನುಭೋಗನ ಜಾಗಕ್ಕೆ ಬಂದವನು ಗ್ರಾಮಲೆಕ್ಕಿಗ. ಓದಿ ಬಂದವನು, ತಿಂಗಳ ಸಂಬಳದವನು, ವರ್ಗವಾಗುವವನು. ಊರಿನ ಕೆರೆ ಅವನಿಗೆ ಗೊತ್ತಿಲ್ಲ. ಊರಿನ ಹಗೆಯೂ ಗೊತ್ತಿಲ್ಲ. ಮೊದಲನೆಯದು ನಷ್ಟವಾದರೆ ಎರಡನೆಯದು ಲಾಭ. ಪಹಣಿ ಬರೆಯುವ ಅಧಿಕಾರ ಮಾತ್ರ ಅವನ ಲೇಖನಿಯಲ್ಲೇ ಉಳಿಯಿತು, ಸುಮಾರು ನಲವತ್ತು ವರ್ಷ. ಅದಕ್ಕಾಗಿ ಕಾಯುವ ಜನರೂ ಉಳಿದರು.

ಮುಂದೆ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಏರಿದವು. ಯೋಜನೆಯ ಹೆಸರು ಭೂಮಿ. ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ ಆಗ 15 ರೂಪಾಯಿಗೆ ಅಚ್ಚಾದ ಹಾಳೆ ಸಿಗುತ್ತಿತ್ತು; ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ನೂರಾರು ವರ್ಷ ಅಪ್ಪನಿಂದ ಮಗನಿಗೆ ಇಳಿದು ಬಂದಿದ್ದ ಆ ದುಂಡು ಅಕ್ಷರಕ್ಕೆ ಅಲ್ಲಿಂದಾಚೆ ಕೆಲಸವಿರಲಿಲ್ಲ. ಹೆಬ್ಬೆಟ್ಟು ಒತ್ತುವವನೆಂದರೆ ಓದುಬಾರದವನು ಎಂದು ಅರ್ಥವಿದ್ದ ನಾಡಿದು. ಈಗ ದಾಖಲೆ ತಿದ್ದುವ ಅಧಿಕಾರಿಯೇ ಬೆರಳಿನ ಗುರುತು ಕೊಟ್ಟು ಯಂತ್ರದ ಒಪ್ಪಿಗೆ ಪಡೆಯಬೇಕಾಯಿತು.

ಗ್ರಾಮಲೆಕ್ಕಿಗನ ಹುದ್ದೆಗೂ ಈಚೆಗೆ ಗ್ರಾಮ ಆಡಳಿತಾಧಿಕಾರಿ ಎಂಬ ಹೊಸ ಹೆಸರು ಬಂದಿದೆ. ಶಾನುಭಾಗ, ಕುಲಕರ್ಣಿ, ಪಾಟೀಲ, ತಳವಾರ ಎಂಬವು ಹಾಜರಿ ಪುಸ್ತಕದ ಅಡ್ಡಹೆಸರುಗಳಾಗಿ ಉಳಿದಿವೆ. ಕುಲಕರ್ಣಿಯ ಮಗ ಬ್ಯಾಂಕಿನಲ್ಲಿರಬಹುದು, ತಳವಾರನ ಮಗಳು ವೈದ್ಯೆಯಾಗಿರಬಹುದು. ಕಿಂಡಿಯ ಮುಂದೆ ನಿಂತ ರೈತ ತನ್ನ ಅರ್ಜಿ ಏನಾಯಿತೆಂದು ಕೇಳುತ್ತಾನೆ. ಒಳಗಿನಿಂದ ಉತ್ತರ ಬರುತ್ತದೆ: “ಕಡತ ಸಾಹೇಬರ ಮೇಜಿನ ಮೇಲಿದೆ, ನಾಳೆ ಬನ್ನಿ.”