ಮೇಷ್ಟ್ರ ಕಥೆಗಳು: ಬಿಯರ್ ಮಗ್ ಇಟ್ಟು ರೇಖಾಗಣಿತ ಹೇಳಿದ ಹಿಲ್ಬರ್ಟ್

1/5
ಮನೆಗೆ ಅತಿಥಿಗಳು ಬರೋ ಹೊತ್ತು. ಹೆಂಡತಿ ನೋಡ್ತಾರೆ, ಗಂಡ ಕಟ್ಟಿರೋ ಟೈ ಕೊಳೆ. "ಮೇಲೆ ಹೋಗಿ ಬೇರೆ ಕಟ್ಕೊಂಡು ಬನ್ನಿ" ಅಂತಾರೆ. ಹೋದವರು ಎಷ್ಟು ಹೊತ್ತಾದ್ರೂ ಇಳಿದು ಬರಲ್ಲ. ಹೋಗಿ ನೋಡಿದ್ರೆ ಮೇಷ್ಟ್ರು ಹೊದ್ದುಕೊಂಡು ಮಲಗಿಬಿಟ್ಟಿದ್ದಾರೆ! ಟೈ ಬಿಚ್ಚಿದ ಕೈ ಹಾಗೇ ಕೋಟು ಬಿಚ್ಚಿದೆ, ಶರ್ಟು ಬಿಚ್ಚಿದೆ, ಆಮೇಲೆ ದಿನಾ ಮಾಡೋ ಹಾಗೆ ದೀಪ ಆರಿಸಿ ಹಾಸಿಗೆ. ತಲೆ ಮಾತ್ರ ಇನ್ನೆಲ್ಲೋ.

ಇದು ಡೇವಿಡ್ ಹಿಲ್ಬರ್ಟ್ ಬಗ್ಗೆ ಹೇಳೋ ಕಥೆ. ಶಿಷ್ಯರು ಉಪ್ಪು ಖಾರ ಹಚ್ಚಿರ್ತಾರೆ, ಅದು ಇದ್ದದ್ದೇ. 1862ರಲ್ಲಿ ಹುಟ್ಟಿದವರು, 1895ರಿಂದ ಜರ್ಮನಿಯ ಗೋಟಿಂಗೆನ್ ಯೂನಿವರ್ಸಿಟಿಯಲ್ಲಿ ಗಣಿತದ ಪ್ರೊಫೆಸರ್. ಮನೆ ತೋಟದಲ್ಲೇ ದೊಡ್ಡ ಬೋರ್ಡ್ ಹಾಕಿಸ್ಕೊಂಡು ಅಲ್ಲೇ ಲೆಕ್ಕ ಮಾಡ್ತಿದ್ರು. ಮಧ್ಯೆ ಮಧ್ಯೆ ಗಿಡಗಳ ಕೆಲಸ, ಇಲ್ಲಾಂದ್ರೆ ಸೈಕಲ್ ಮೇಲೆ ಒಂದು ಸುತ್ತು. ಒಮ್ಮೆ ಹರಿದ ಪ್ಯಾಂಟಲ್ಲೇ ದಿನಗಟ್ಟಲೆ ಓಡಾಡಿದ್ರಂತೆ. ಹೇಳೋದು ಹೇಗೆ ಅಂತ ಶಿಷ್ಯರು ಕಾದು ಕಾದು, ಸೈಕಲ್ ಸವಾರಿ ಮಧ್ಯೆ "ಸಾರ್, ಈಗ ತಾನೆ ಪ್ಯಾಂಟು ಹರೀತು ಅನ್ಸುತ್ತೆ" ಅಂದ್ರೆ, "ಇಲ್ಲಪ್ಪ, ತುಂಬಾ ದಿನದಿಂದ ಹೀಗೇ ಇದೆ" ಅಂದ್ರಂತೆ.

ಇನ್ನೊಂದು. ಕ್ಲಾಸಿಗೆ ಬರ್ತಿದ್ದ ಒಬ್ಬ ಹುಡುಗ ಗಣಿತ ಬಿಟ್ಟು ಕವಿ ಆಗೋಕೆ ಹೋದ ಅಂತ ಸುದ್ದಿ ಬಂತು. "ಒಳ್ಳೇದಾಯ್ತು ಬಿಡಿ, ಗಣಿತಕ್ಕೆ ಬೇಕಾದಷ್ಟು ಕಲ್ಪನಾಶಕ್ತಿ ಅವನಿಗೆ ಇರಲಿಲ್ಲ" ಅಂದ್ರಂತೆ. ಬಿ.ಎ. ಫ್ರೆಂಡ್ಸ್ ಬೇಜಾರಾಗಬೇಡಿ.

2/5
ಈಗ ಬಿಯರ್ ಮಗ್ ವಿಷಯ. 1891ರಲ್ಲಿ ಬರ್ಲಿನ್‌ನ ರೈಲ್ವೆ ಸ್ಟೇಷನ್ನಿನಲ್ಲಿ ಟ್ರೈನಿಗೆ ಕಾಯ್ತಾ ಜೊತೆಗಿದ್ದವರಿಗೆ ಹೇಳಿದ್ದು ಅಂತಾರೆ: ಬಿಂದು, ರೇಖೆ, ಸಮತಲ ಅನ್ನೋ ಕಡೆಯೆಲ್ಲ ಮೇಜು, ಕುರ್ಚಿ, ಬಿಯರ್ ಮಗ್ ಅಂತ ಹಾಕಿದ್ರೂ ರೇಖಾಗಣಿತ ನಡೀಬೇಕು.

ತಮಾಷೆ ಥರ ಕೇಳ್ಸುತ್ತೆ, ಆದ್ರೆ ನಮಗೆ ಇದು ಅರ್ಥ ಆಗದ ಮಾತೇನಲ್ಲ. ಲೆಡ್ಜರ್‌ನಲ್ಲಿ ಅಕೌಂಟಿನ ಹೆಸರು ಬೀದಿ ಕೊನೆ ಕಿರಾಣಿ ಅಂಗಡಿದಿರಲಿ, ಕೋಟಿಗಟ್ಟಲೆ ವ್ಯವಹಾರದ ಕಂಪನಿದಿರಲಿ, ಡೆಬಿಟ್‌ಗೆ ಸರಿಯಾಗಿ ಕ್ರೆಡಿಟ್ ಬೀಳಲೇಬೇಕು. ನಿಯಮ ಹೆಸರು ನೋಡಲ್ಲ. ಬಿಂದು ಅಂದ್ರೆ ಏನು ಅಂತ ತಲೆ ಕೆಡಿಸ್ಕೋಬೇಡಿ, ಬಿಂದು ರೇಖೆಗಳ ನಡುವಿನ ಸಂಬಂಧ ಸರಿಯಾಗಿ ಬರೆಯಿರಿ, ಸಾಕು. 1899ರಲ್ಲಿ ಬಂದ ಅವರ ರೇಖಾಗಣಿತದ ಪುಸ್ತಕ ನಿಂತಿರೋದು ಇದರ ಮೇಲೆ.

ನನಗೆ ಅನ್ಸೋದು, ಮೇಷ್ಟ್ರು ಮನುಷ್ಯರನ್ನೂ ಇದೇ ಕಣ್ಣಲ್ಲಿ ನೋಡ್ತಿದ್ರು. ಹೆಸರಿನ ಚೀಟಿ ಕಿತ್ತು ಪಕ್ಕಕ್ಕಿಟ್ಟು.

3/5
1915. ಹಿಲ್ಬರ್ಟ್ ಮತ್ತು ಫೆಲಿಕ್ಸ್ ಕ್ಲೈನ್ ಸೇರಿ ಎಮ್ಮಿ ನೋಥರ್ ಅನ್ನೋ ಗಣಿತಜ್ಞೆಯನ್ನ ಗೋಟಿಂಗೆನ್‌ಗೆ ಕರೆಸಿದ್ರು. ಐನ್‌ಸ್ಟೈನ್ ಸಿದ್ಧಾಂತದಲ್ಲಿ ಸಿಕ್ಕಿಕೊಂಡಿದ್ದ ಒಂದು ಗಂಟು ಬಿಡಿಸೋಕೆ ಅವರೇ ಬೇಕಿತ್ತು. ಆದ್ರೆ ಪಾಠ ಮಾಡೋ ಅರ್ಹತೆ ಕೊಡೋಕೆ ಬೇರೆ ವಿಭಾಗದ ಪ್ರೊಫೆಸರುಗಳು ತಯಾರಿಲ್ಲ. ಯುದ್ಧದಿಂದ ವಾಪಸ್ ಬಂದ ನಮ್ಮ ಸೈನಿಕರು ಒಬ್ಬ ಹೆಂಗಸಿನ ಮುಂದೆ ಕೂತು ಕಲೀಬೇಕಾ ಅನ್ನೋದು ವಾದ!

ಹಿಲ್ಬರ್ಟ್ ಎದ್ದು ನಿಂತು, "ಇದು ಯೂನಿವರ್ಸಿಟಿ ಕಣ್ರೀ, ಸ್ನಾನದ ಮನೆ ಅಲ್ಲ" ಅನ್ನೋ ಅರ್ಥದಲ್ಲಿ ಹೇಳಿದ್ರಂತೆ. ಆದ್ರೂ ಕೆಲಸ ಆಗಲಿಲ್ಲ. ಕೊನೆಗೆ ನೋಟೀಸ್ ಬೋರ್ಡಿನಲ್ಲಿ ಹಿಲ್ಬರ್ಟ್ ಹೆಸರಿನ ಕ್ಲಾಸು, ಡಾ. ನೋಥರ್ ಸಹಾಯದೊಂದಿಗೆ ಅಂತ ಸಣ್ಣ ಸಾಲು, ಒಳಗೆ ಪಾಠ ಮಾಡ್ತಿದ್ದದ್ದು ನೋಥರ್. ನಮ್ಮಲ್ಲಿ ಪ್ರಾಕ್ಸಿ ಅಟೆಂಡೆನ್ಸ್ ಹಾಕೋದು ಸ್ಟೂಡೆಂಟ್ಸ್, ಅಲ್ಲಿ ಪ್ರಾಕ್ಸಿ ಹಾಕಿದ್ದು ಪ್ರೊಫೆಸರ್. ಅಧಿಕೃತವಾಗಿ ಅನುಮತಿ ಸಿಕ್ಕಿದ್ದು 1919ರಲ್ಲಿ, ಅದೂ ಸಂಬಳ ಇಲ್ಲದೆ. ಅಷ್ಟರಲ್ಲಿ 1918ರಲ್ಲೇ ಅವರ ಪ್ರಮೇಯ ಅಚ್ಚಾಗಿತ್ತು. ಇವತ್ತಿಗೂ ಫಿಸಿಕ್ಸ್ ಅದಿಲ್ಲದೆ ನಡೆಯಲ್ಲ.

4/5
ಅದೇ ಯುದ್ಧದ ಕಾಲ. 1914ರಲ್ಲಿ ಜರ್ಮನಿಯ 93 ಜನ ಪಂಡಿತರು ತಮ್ಮ ಸೈನ್ಯ ಯಾವ ತಪ್ಪೂ ಮಾಡಿಲ್ಲ ಅಂತ ಹೇಳಿಕೆ ಹೊರಡಿಸಿದ್ರು. ಹಿಲ್ಬರ್ಟ್ ಸಹಿ ಹಾಕಲಿಲ್ಲ. ಜನ ದ್ರೋಹಿ ಅನ್ನೋ ಥರ ನೋಡೋಕೆ ಶುರು ಮಾಡಿದ್ರು. 1917ರಲ್ಲಿ ಫ್ರಾನ್ಸಿನ ಗಣಿತಜ್ಞ ಡಾರ್ಬೂ ತೀರಿಕೊಂಡಾಗ, ಯುದ್ಧ ನಡೀತಿರುವಾಗಲೇ, ಗೌರವದಿಂದ ಶ್ರದ್ಧಾಂಜಲಿ ಬರೆದ್ರು. ಸ್ಟೂಡೆಂಟ್ಸ್ ಗುಂಪು ಕಟ್ಟಿಕೊಂಡು ಮನೆ ಬಾಗಿಲಿಗೇ ಬಂತು, ವಾಪಸ್ ತಗೊಳ್ಳಿ ಅಂತ. ತಗೊಳ್ಳಲಿಲ್ಲ. ಯೂನಿವರ್ಸಿಟಿ ಕ್ಷಮೆ ಕೇಳದಿದ್ರೆ ರಾಜೀನಾಮೆ ಅಂದ್ರು, ಕ್ಷಮೆ ಬಂತು.

ಟೈ ಬದಲಾಯಿಸೋಕೆ ಹೋಗಿ ಮಲಗಿಬಿಟ್ಟ ಮನುಷ್ಯನೇ ಇದು, ಮರೀಬೇಡಿ.

5/5
1930ರಲ್ಲಿ ರಿಟೈರ್. ಆ ವರ್ಷ ಹುಟ್ಟೂರಿನ ಕಡೆಯ ಕೋನಿಗ್ಸ್‌ಬರ್ಗ್‌ನಲ್ಲಿ ಸನ್ಮಾನ, ರೇಡಿಯೋದಲ್ಲಿ ಭಾಷಣ: ತಿಳಿಯಲೇಬೇಕು, ತಿಳಿದೇ ತಿಳೀತೀವಿ ಅಂತ ಮುಗಿಸಿದ್ರು. ಆ ದನಿ ಈಗಲೂ ರೆಕಾರ್ಡಿಂಗ್‌ನಲ್ಲಿ ಇದೆ, ಹುಡುಕಿ ಕೇಳಿ. (ಹಿಂದಿನ ದಿನವೇ ಅದೇ ಊರಲ್ಲಿ ಗೋಡೆಲ್ ಅನ್ನೋ ಹುಡುಗ, ಗಣಿತದಲ್ಲಿ ಸತ್ಯವಾಗಿದ್ರೂ ಸಾಧಿಸಿ ತೋರಿಸೋಕಾಗದ ಮಾತುಗಳು ಇವೆ ಅಂತ ಹೇಳಿಯಾಗಿತ್ತು. ಅದು ಬೇರೆ ಪೋಸ್ಟ್.)

1933ರಲ್ಲಿ ನಾಜಿಗಳು ಬಂದ್ರು. ಏಪ್ರಿಲ್‌ನಲ್ಲಿ ಕಾನೂನು: ಯಹೂದಿಗಳಿಗೆ ಸರ್ಕಾರಿ ಕೆಲಸ ಇಲ್ಲ. ನೋಥರ್ ಹೋದರು, ಕೂರಾಂಟ್ ಹೋದರು, ಮ್ಯಾಕ್ಸ್ ಬಾರ್ನ್ ಹೋದರು. ಹೆಂಡತಿ ಯಹೂದಿ ಮೂಲದವರಾದ್ದರಿಂದ ಹರ್ಮನ್ ವೈಲ್ ಕೂಡ ಹೊರಟರು. ಇಡೀ ಜಗತ್ತಿನ ಗಣಿತದವರು ಬಂದು ಕಲೀತಿದ್ದ ಊರು ಕೆಲವೇ ತಿಂಗಳಲ್ಲಿ ಖಾಲಿ.

ಆಮೇಲೆ ಒಂದು ಔತಣಕೂಟದಲ್ಲಿ ಹಿಲ್ಬರ್ಟ್ ಪಕ್ಕಕ್ಕೆ ನಾಜಿ ಶಿಕ್ಷಣ ಮಂತ್ರಿ ರುಸ್ಟ್ ಕೂತಿದ್ದ. ಯಹೂದಿಗಳ ಪ್ರಭಾವ ಹೋದ ಮೇಲೆ ಗೋಟಿಂಗೆನ್‌ನಲ್ಲಿ ಗಣಿತ ಹೇಗಿದೆ ಅಂತ ಕೇಳಿದ. "ಗೋಟಿಂಗೆನ್‌ನಲ್ಲಿ ಗಣಿತವಾ? ಈಗ ಅದು ಇಲ್ಲವೇ ಇಲ್ಲವಲ್ಲ" ಅಂದ್ರಂತೆ ಮೇಷ್ಟ್ರು. ಕವಿ ಆಗೋಕೆ ಹೋದ ಹುಡುಗನ ಬಗ್ಗೆ ಮಾತಾಡಿದ್ದ ಅದೇ ಧಾಟಿ ಅನ್ಕೊಂಡು ಓದಿ ನೋಡಿ.

ನೋಥರ್ ಅಮೆರಿಕದಲ್ಲಿ 1935ರಲ್ಲಿ ತೀರಿಕೊಂಡರು. ಹಿಲ್ಬರ್ಟ್ 1943ರ ಫೆಬ್ರವರಿ 14ರಂದು. ಒಂದು ಕಾಲಕ್ಕೆ ಅವರ ಪಾಠಕ್ಕೆ ನೂರಾರು ಜನ, ಜಾಗ ಸಾಲದೆ ಕಿಟಕಿ ಮೇಲೂ ಕೂರ್ತಿದ್ರಂತೆ. ಅಂತ್ಯಕ್ರಿಯೆಗೆ ಬಂದವರು ಹತ್ತು ಹನ್ನೆರಡು ಜನ. ಮ್ಯೂನಿಕ್‌ನಿಂದ ಬಂದ ಸೋಮರ್‌ಫೆಲ್ಡ್ ನಾಲ್ಕು ಮಾತಾಡಿದರು. ಬರಬೇಕಾಗಿದ್ದ ಶಿಷ್ಯರಲ್ಲಿ ಎಷ್ಟೋ ಜನ ಆಗ ಸಮುದ್ರದ ಆಚೆ ದಡದಲ್ಲಿದ್ದರು.