ಕಾಮರೇಜಿನ ಹಾದಿಯಲ್ಲಿ ಬಾದಾಮಿ

ಸೂರತ್ತಿನ ವರಾಛಾ ಇಂದು ವಜ್ರಕ್ಕೆ ಸಾಣೆ ಹಿಡಿಯುವ ಕಾರ್ಖಾನೆಗಳ ಬಡಾವಣೆ. ಅಲ್ಲಿಂದ ಪೂರ್ವಕ್ಕೆ ಸಾಗುವ ರಸ್ತೆ ಕಾಮರೇಜ್ ಮುಟ್ಟುತ್ತದೆ. ಈ ಊರಿನ ಹೆಸರಿಗೆ ಹದಿಮೂರು ಶತಮಾನ ದಾಟಿದೆ. ಅದರ ಹಳೆಯ ದಾಖಲೆಗಳನ್ನು ಬರೆಸಿದ್ದು ಕನ್ನಡನಾಡಿನ ಅರಸುಮನೆಯವರು.

ಬಾದಾಮಿಯ ಚಾಲುಕ್ಯ ದೊರೆ ಒಂದನೆಯ ವಿಕ್ರಮಾದಿತ್ಯ, ದಕ್ಷಿಣ ಗುಜರಾತಿನ ಆಡಳಿತವನ್ನು ತಮ್ಮ ಧರಾಶ್ರಯ ಜಯಸಿಂಹನಿಗೆ ವಹಿಸಿದ್ದ. ಜಯಸಿಂಹನ ಮಗ, ಯುವರಾಜ ಶ್ರ್ಯಾಶ್ರಯ ಶೀಲಾದಿತ್ಯ 692ರಲ್ಲಿ ಹೊರಡಿಸಿದ ಸೂರತ್ ತಾಮ್ರಪಟದಲ್ಲಿ ‘ಕಾರ್ಮಣೇಯ ಆಹಾರ’ದ ಓಸುಂಭಲಾ ಎಂಬ ಊರಿನ ಭೂದಾನವಿದೆ. ಇಲ್ಲಿ ಆಹಾರವೆಂದರೆ ಊಟವಲ್ಲ, ತಾಲ್ಲೂಕಿನಂಥ ಆಡಳಿತ ವಿಭಾಗ. ಕಾರ್ಮಣೇಯವೇ ಕಾಮರೇಜ್, ಓಸುಂಭಲಾ ಅದರ ದಕ್ಷಿಣಕ್ಕಿರುವ ಪುಟ್ಟ ಹಳ್ಳಿ ಉಂಭೇಲ್ ಎಂದು ಶಾಸನತಜ್ಞರು ಗುರುತಿಸಿದ್ದಾರೆ.

739ರ ನವಸಾರಿ ತಾಮ್ರಪಟ ಇನ್ನೊಂದು ಸುದ್ದಿ ಹೇಳುತ್ತದೆ. ಜಯಸಿಂಹನ ಇನ್ನೊಬ್ಬ ಮಗ ಅವನಿಜನಾಶ್ರಯ ಪುಲಕೇಶಿ, ನವಸಾರಿಯತ್ತ ನುಗ್ಗಿ ಬಂದ ತಾಜಿಕ, ಅಂದರೆ ಅರಬ್ ಸೇನೆಯನ್ನು ಸೋಲಿಸಿದ. ಆ ಪಟದ ಮೂಲಕ ಅವನು ದಾನ ಕೊಟ್ಟ ಪದ್ರಕ ಎಂಬ ಊರೂ ಕಾರ್ಮಣೇಯಕ್ಕೇ ಸೇರಿತ್ತು. ಮುಂದೆ ದಂತಿದುರ್ಗನ ಕಾಲದಲ್ಲಿ ಈ ನೆಲ ರಾಷ್ಟ್ರಕೂಟರ ಪಾಲಾಯಿತು.

ಬಾದಾಮಿಯಲ್ಲಿ ಚಾಲುಕ್ಯರ ಕಾಲವನ್ನು ಬಂಡೆಗಳು ಕಾಪಾಡಿವೆ. ಇಲ್ಲಿ ಆ ಕೆಲಸ ಊರ ಹೆಸರುಗಳದ್ದು. ಜನರ ಬಾಯಲ್ಲಿ ಸವೆದರೂ ಹೆಸರು ಉಳಿದದ್ದರಿಂದಲೇ ತಾಮ್ರದ ಮೇಲಿನ ಊರನ್ನು ನೆಲದ ಮೇಲೆ ಹುಡುಕಲು ಸಾಧ್ಯವಾಯಿತು. ಸೂರತ್ ಬೆಳೆಯುತ್ತಿದೆ, ಸುತ್ತಲಿನ ಹಳ್ಳಿಗಳು ಬಡಾವಣೆಗಳಾಗುತ್ತಿವೆ. ಹೊಲ ಹೋದರೂ ಹೆಸರು ಉಳಿದರೆ ಚರಿತ್ರೆಗೆ ಒಂದು ವಿಳಾಸ ಇರುತ್ತದೆ. ಹೆಸರೂ ಹೋದರೆ ತಾಮ್ರಪಟದಲ್ಲಿ ಉಳಿಯುವುದು ಎಲ್ಲಿಯದೆಂದು ಯಾರಿಗೂ ಗೊತ್ತಿರದ ಊರು.