ಆದಾಮನ ಕಥೆ ಮತ್ತು ಜನ್ಮಪಾಪದ ಕಲ್ಪನೆ

ಮಾನವನಲ್ಲಿ ಕೇಡು ಎಲ್ಲಿಂದ ಬಂದಿತೆಂಬ ಪ್ರಶ್ನೆಗೆ ಪಶ್ಚಿಮದ ಕ್ರೈಸ್ತ ಜಗತ್ತು ಸಾವಿರದೈನೂರು ವರ್ಷಗಳಿಂದ ನೀಡುತ್ತ ಬಂದ ಉತ್ತರವು ಏದೆನ್ ತೋಟದ ಕಥೆಯನ್ನು ಆಧರಿಸಿದೆ. ಆದಿಪುರುಷನಾದ ಆದಾಮನು ನಿಷಿದ್ಧ ಫಲವನ್ನು ತಿಂದನು. ಆ ಪಾಪವು ಅವನ ಸಂತತಿಗೆಲ್ಲ ಹುಟ್ಟಿನಿಂದಲೇ ಅಂಟಿತು ಎಂಬುದೇ ಆ ಉತ್ತರ. ಮೂಲಗ್ರಂಥವನ್ನು ಬಿಡಿಸಿ ನೋಡಿದವರಿಗೆ ಬೇರೆಯೇ ಚಿತ್ರ ಕಾಣುತ್ತದೆ. ಹೀಬ್ರೂ ಆದಿಕಾಂಡದ ೨ ಮತ್ತು ೩ನೆಯ ಅಧ್ಯಾಯಗಳಲ್ಲಿ ‘ಪಾಪ’ವೆಂಬ ಶಬ್ದವೇ ಇಲ್ಲ. ಹಣ್ಣು ಯಾವುದೆಂದು ಹೇಳಿಲ್ಲ. ಸೇಬು ತರುವಾಯದವರ ಕಲ್ಪನೆ. ಸರ್ಪವನ್ನು ಸೈತಾನನೆಂದೂ ಕರೆದಿಲ್ಲ. ‘ಪಾಪ’ ಮೊದಲು ಕಾಣಿಸುವುದು ೪ನೆಯ ಅಧ್ಯಾಯದಲ್ಲಿ, ಕಾಯಿನನು ತಮ್ಮನಾದ ಹೇಬೆಲನನ್ನು ಕೊಲ್ಲುವ ಮುನ್ನ. ಅಲ್ಲಿ ಅದು ಬಾಗಿಲಲ್ಲಿ ಹೊಂಚಿ ಕುಳಿತ ಮೃಗದಂತಿದೆ. ಅದನ್ನು ಆಳಬೇಕೆಂದು ದೇವರು ಕಾಯಿನನನ್ನು ಎಚ್ಚರಿಸುತ್ತಾನೆ. ಆಳಲಾರದವನಿಗೆ ಹೀಗೆ ಹೇಳುವುದುಂಟೆ?

ಯೆಹೂದ್ಯ ಪಂಡಿತರು ಈ ಜಾಡನ್ನೇ ಹಿಡಿದರು. ಮಾನವನಲ್ಲಿ ಸತ್ಪ್ರವೃತ್ತಿ, ದುಷ್ಪ್ರವೃತ್ತಿಗಳೆರಡೂ ಉಂಟು. ಎರಡನೆಯದು ಇಲ್ಲದಿದ್ದರೆ ಮನೆ ಕಟ್ಟುವವರೂ ಮದುವೆಯಾಗುವವರೂ ಇರುತ್ತಿರಲಿಲ್ಲ ಎಂಬವರೆಗೆ ಅವರ ವಿಚಾರ ಸಾಗಿದೆ.

ಹಾಗಾದರೆ ಜನ್ಮಪಾಪದ ಬೋಧೆ ನೆಲೆಗೊಂಡುದು ಹೇಗೆ? ಸಂತ ಪೌಲನು ರೋಮಾಪುರದವರಿಗೆ ಬರೆದ ಪತ್ರದ ೫ನೆಯ ಅಧ್ಯಾಯದ ೧೨ನೆಯ ವಾಕ್ಯವನ್ನು ಇಲ್ಲಿ ಗಮನಿಸಬೇಕು. ಆದಾಮನಿಂದ ಬಂದ ಮರಣವು ಎಲ್ಲರಿಗೂ ವ್ಯಾಪಿಸಿತೆಂದು ಹೇಳುವಾಗ ಬಳಸಿದ ಎರಡು ಚಿಕ್ಕ ಗ್ರೀಕ್ ಪದಗಳಿಗೆ ‘ಏಕೆಂದರೆ’ ಎಂಬರ್ಥವನ್ನೇ ಇಂದಿನ ಬಹುತೇಕ ವಿದ್ವಾಂಸರು ಹೇಳುತ್ತಾರೆ: ಎಲ್ಲರೂ ತಾವೇ ಪಾಪಗೈದುದರಿಂದ ಮರಣ ಎಲ್ಲರದಾಯಿತು. ಲ್ಯಾಟಿನ್ ಅನುವಾದವಾದರೋ ‘ಅವನಲ್ಲಿ’ ಎಂದು ಓದಲು ಎಡೆಗೊಟ್ಟಿತು. ಒಂದು ಸಪ್ತಮೀ ವಿಭಕ್ತಿಯಿಂದ ಮಾನವಕುಲವೆಲ್ಲ ಆದಾಮನೊಳಗೆ ನಿಂತು ಪಾಪಗೈದಂತಾಯಿತು!

ಉತ್ತರ ಆಫ್ರಿಕದ ಹಿಪ್ಪೋ ನಗರದ ಧರ್ಮಾಧ್ಯಕ್ಷ ಅಗಸ್ಟೀನನು (೩೫೪–೪೩೦) ಓದಿದ್ದು ಈ ಲ್ಯಾಟಿನ್ ಪಾಠವನ್ನು. ಅವನ ಸಿದ್ಧಾಂತ ಈ ಒಂದೇ ವಾಕ್ಯದ ಮೇಲೆ ನಿಂತಿಲ್ಲವೆಂಬುದನ್ನೂ ಹೇಳಬೇಕು. ಶಿಶುಗಳಿಗೆ ದೀಕ್ಷಾಸ್ನಾನ ಮಾಡಿಸುವ ರೂಢಿ ಆಗಲೇ ಇತ್ತು. ಪಾಪವಿಲ್ಲದ ಶಿಶುವಿಗೆ ಪಾಪ ತೊಳೆಯುವ ಸ್ನಾನವೇಕೆ ಎಂಬುದು ಅವನ ವಾದ. ಇದರ ಫಲವಾಗಿ ಸ್ನಾನವಿಲ್ಲದೆ ಸತ್ತ ಹಸುಗೂಸೂ ದಂಡನೆಗೆ ಗುರಿಯಾಯಿತು. ಆ ದಂಡನೆ ಎಲ್ಲಕ್ಕಿಂತ ಮೃದುವಾದುದೆಂಬುದಷ್ಟೇ ಸಮಾಧಾನ.

ಬ್ರಿಟನ್ ಮೂಲದ ಪೆಲಾಜಿಯಸನು ಇದನ್ನು ಒಪ್ಪಲಿಲ್ಲ. ಆಚರಿಸಲಾಗದ ಆಜ್ಞೆಯನ್ನು ದೇವರು ವಿಧಿಸುವುದಿಲ್ಲ. ಆದಾಮನು ಕೆಟ್ಟ ಮೇಲ್ಪಂಕ್ತಿ ಹಾಕಿದನೇ ಹೊರತು ಸಂತತಿಯ ಸ್ವಭಾವವನ್ನು ಕೆಡಿಸಲಿಲ್ಲವೆಂದು ಅವನ ಪಂಥ ಸಾರಿತು. ಈ ಮಾತು ಹಿತವೆನಿಸಿದರೂ ಇದರಲ್ಲಿಯೂ ಒಂದು ಕಾಠಿಣ್ಯವಿದೆ. ಮನುಷ್ಯನು ಬಯಸಿದರೆ ನಿರ್ದೋಷಿಯಾಗಬಲ್ಲನೆಂದ ಮೇಲೆ ಎಡವಿದವನಿಗೆ ಯಾವ ನೆಪವೂ ಉಳಿಯದು. ದುರ್ಬಲರನ್ನು ಬಲ್ಲವನು ಅಗಸ್ಟೀನನೇ ಎನ್ನಬೇಕು.

೪೧೫ರಲ್ಲಿ ಪ್ಯಾಲೆಸ್ಟೈನಿನ ಡಯೋಸ್ಪೊಲಿಸ್ ಸಭೆ ಪೆಲಾಜಿಯಸನನ್ನು ನಿರ್ದೋಷಿಯೆಂದಿತು. ೪೧೮ರಲ್ಲಿ ಕಾರ್ಥೇಜಿನ ಸಭೆ ಅವನ ಬೋಧೆಯನ್ನು ಖಂಡಿಸಿತು. ಅದೇ ವರ್ಷ ಚಕ್ರವರ್ತಿ ಹೊನೋರಿಯಸನು ಅವನ ಮತದವರನ್ನು ರೋಮಿನಿಂದ ಹೊರದೂಡಿಸಿದನು. ರಾಜಾಜ್ಞೆಯಿಂದ ವಾದ ಮುಗಿಯಲಿಲ್ಲ. ಎಕ್ಲಾನಮ್ಮಿನ ಜೂಲಿಯನ್ನನು, ನ್ಯಾಯವಂತನಾದ ದೇವರು ಶಿಶುವನ್ನು ದಂಡಿಸುವನೆ ಎಂದು ಕೇಳುತ್ತಲೇ ಇದ್ದನು. ಅವನಿಗೆ ಬರೆಯುತ್ತಿದ್ದ ಉತ್ತರವನ್ನು ಮುಗಿಸದೆಯೇ ಅಗಸ್ಟೀನನು ತೀರಿಕೊಂಡನು.

ಪೌಲನನ್ನು ಗ್ರೀಕಿನಲ್ಲಿಯೇ ಓದಿದ ಪೂರ್ವದ ಧರ್ಮಸಭೆಗಳು ಆದಾಮನಿಂದ ಮರಣ ಬಂದಿತೆಂದು ನಂಬಿದರೂ ಅವನ ಅಪರಾಧವನ್ನು ಶಿಶುವಿನ ತಲೆಗೆ ಕಟ್ಟಲಿಲ್ಲ. ರೋಮಿನಲ್ಲಿ ಅಂತಾರಾಷ್ಟ್ರೀಯ ದೈವಶಾಸ್ತ್ರ ಆಯೋಗವು ೨೦೦೭ರಲ್ಲಿ, ದೀಕ್ಷಾಸ್ನಾನವಿಲ್ಲದೆ ಮಡಿದ ಶಿಶುಗಳೂ ಮುಕ್ತಿ ಪಡೆಯುವರೆಂದು ಆಶಿಸಲು ಬಲವಾದ ಕಾರಣಗಳುಂಟೆಂದು ಪ್ರಕಟಿಸಿತು. ಅದು ನಿಶ್ಚಿತವೆಂದು ಮಾತ್ರ ಹೇಳಲಿಲ್ಲ.